ಮಕ್ಕಳ ಆಟಕ್ಕೆ ಹಿರಿಯರ ಶ್ರಮದಾನ

ನಮ್ಮ ಆಡುನುಡಿಯಲ್ಲಿ ‘ಮಕ್ಕಳಾಟ’ ಎಂಬ ಮಾತಿಗೆ ಗಂಭೀರವಲ್ಲದ್ದು, ಲೆಕ್ಕಕ್ಕೆ ಬಾರದ್ದು ಎಂಬ ಅರ್ಥ ಬೆಳೆದುಬಂದಿದೆ. ಯಾವುದಾದರೊಂದು ಕಾರ್ಯವನ್ನು ಹಗುರವಾಗಿ ಕೈಗೊಂಡವರನ್ನು ಕಂಡು ಹಿರಿಯರು “ಇದೇನು ಮಕ್ಕಳಾಟವೆಂದು ತಿಳಿದೆಯಾ?” ಎಂದು ಗದರಿಸುವುದುಂಟು. ಆದರೆ ಮಗುವಿನ ದೃಷ್ಟಿಯಿಂದ ನೋಡಿದಾಗ ಆಟಕ್ಕಿಂತ ಗಂಭೀರವಾದ ಕಾರ್ಯ ಇನ್ನೊಂದಿಲ್ಲ. ಬೀಳುವುದನ್ನು, ಏಳುವುದನ್ನು, ಸರದಿಗಾಗಿ ಕಾಯುವುದನ್ನು, ಸೋತು ನಗುವುದನ್ನು, ತನಗಿಂತ ಚಿಕ್ಕವನಿಗೆ ದಾರಿ ಬಿಡುವುದನ್ನು ಮಗು ಕಲಿಯುವುದು ಆಟದ ಬಯಲಿನಲ್ಲಿಯೇ. ದೊಡ್ಡವರಿಗೆ ಕಾಯಕ ಹೇಗೋ ಮಗುವಿಗೆ ಆಟ ಹಾಗೆ.

ಈ ಸತ್ಯವನ್ನು ಜಗತ್ತು ಶಾಸನದ ರೂಪದಲ್ಲಿಯೂ ಒಪ್ಪಿಕೊಂಡಿದೆ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿ, ಬಿಡುವು ಮತ್ತು ಆಟ ಪ್ರತಿಯೊಂದು ಮಗುವಿನ ಹಕ್ಕು ಎಂದು ಸಾರುತ್ತದೆ. ಭಾರತವು 1992ರ ಡಿಸೆಂಬರಿನಲ್ಲಿ ಈ ಒಡಂಬಡಿಕೆಗೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಕೊಠಡಿ, ಕುಡಿಯುವ ನೀರು, ಶೌಚಾಲಯಗಳು ಎಷ್ಟು ಅವಶ್ಯಕವೋ ಆಟದ ಮೈದಾನ ಮತ್ತು ಆಟದ ಸಾಮಗ್ರಿಗಳೂ ಅಷ್ಟೇ ಅವಶ್ಯಕವೆಂದು ಎಣಿಸಿದೆ. ಆದರೆ ಹಕ್ಕು ಕಾಗದದ ಮೇಲಿದ್ದ ಮಾತ್ರಕ್ಕೆ ಮಗುವಿಗೆ ಜೋಕಾಲಿ ದೊರೆಯುವುದಿಲ್ಲ. ಯಾರಾದರೊಬ್ಬರು ಹಗ್ಗ ತಂದು ಕೊಂಬೆಗೆ ಕಟ್ಟಲೇಬೇಕು. ಹಾಗೆ ಕೂಲಿಯನ್ನು ಅಪೇಕ್ಷಿಸದೆ ಮಕ್ಕಳಿಗಾಗಿ ಆಟದ ಸಲಕರಣೆಗಳನ್ನು ಕಟ್ಟಿಕೊಡುತ್ತಿರುವವರ ಕುರಿತು, ಅವರ ಯಶಸ್ಸು ಮತ್ತು ವೈಫಲ್ಯಗಳು ನಮಗೆ ಕಲಿಸುವ ಪಾಠಗಳ ಕುರಿತು, ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪಂಚಮಿಯ ಜೋಕಾಲಿ

ಇದು ನಮಗೆ ಹೊರಗಿನಿಂದ ಬಂದ ವಿಚಾರವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗಪಂಚಮಿ ಬಂತೆಂದರೆ ಊರ ಗಂಡಸರು ಗಟ್ಟಿಯಾದ ಮಿಣಿಯನ್ನು ತಂದು, ಬೇವಿನ ಮರದ ಬಲವಾದ ಕೊಂಬೆಯನ್ನು ಆರಿಸಿ, ಜಗ್ಗಿ ಪರೀಕ್ಷಿಸಿ, ಜೋಕಾಲಿ ಕಟ್ಟುತ್ತಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳೂ ಓಣಿಯ ಚಿಣ್ಣರೂ ಅದರಲ್ಲಿ ಜೀಕುತ್ತಿದ್ದರು. ಅದಕ್ಕೆ ಯಾರೂ ಕೂಲಿ ಕೇಳಿದವರಿಲ್ಲ. ಅದು ದಾನವೆಂದು ಯಾರೂ ಫಲಕ ಬರೆಸಿದವರೂ ಇಲ್ಲ. ಕಟ್ಟಿದವನ ಮಗಳೇ ಅದರ ಮೇಲೆ ಕೂಡುವವಳಾದ್ದರಿಂದ ಗಂಟು ಸಡಿಲವಾಗಿರುವ ಮಾತೇ ಇರಲಿಲ್ಲ. ಕುಂಟೆಬಿಲ್ಲೆಗೆ ಒಂದು ಚೂರು ಹೆಂಚು, ಲಗೋರಿಗೆ ಏಳು ಚಪ್ಪಟೆ ಕಲ್ಲು, ಚಿನ್ನಿದಾಂಡಿಗೆ ಒಂದು ಕೋಲು ಮತ್ತು ಒಂದು ತುಂಡು, ಮರಕೋತಿಗೆ ಒಂದು ಮರ ಸಾಕಾಗಿದ್ದ ಕಾಲವದು. ಈ ಎಲ್ಲ ಆಟಗಳಿಗೂ ಅಗತ್ಯವಾಗಿದ್ದುದು ಬಯಲು.

ಇಲ್ಲಿ ಇನ್ನೊಂದು ಕುತೂಹಲದ ಸಂಗತಿಯನ್ನು ನೆನೆಯಬಹುದು. ನಮ್ಮ ಮನೆಗಳಲ್ಲಿ ಅಜ್ಜಿಯರು ಹುಣಸೆಬೀಜವನ್ನೋ ಗುಲಗಂಜಿಯನ್ನೋ ಹಿಡಿದು ಆಡುತ್ತಿದ್ದ ಅಳಗುಳಿಮಣೆ ಎಲ್ಲರಿಗೂ ಪರಿಚಿತವಾದುದು. ಇದೇ ಕುಲಕ್ಕೆ ಸೇರಿದ ಆಟಗಳು ಆಫ್ರಿಕಾ ಖಂಡದ ಉದ್ದಗಲಕ್ಕೂ ಇವೆ. ಘಾನಾ ದೇಶದಲ್ಲಿ ಅದಕ್ಕೆ ‘ಒವಾರೆ’ ಎಂದೂ, ಉಗಾಂಡದಲ್ಲಿ ‘ಒಮ್ವೆಸೊ’ ಎಂದೂ, ಪೂರ್ವ ಕರಾವಳಿಯಲ್ಲಿ ‘ಬಾವೊ’ ಎಂದೂ ಹೆಸರು. ಮಣೆಯ ಗುಳಿಗಳ ಸಂಖ್ಯೆ ಬೇರೆ, ನಿಯಮ ಬೇರೆ. ಆದರೆ ಗುಳಿಯಿಂದ ಗುಳಿಗೆ ಬೀಜ ಹಂಚುತ್ತ ಹೋಗುವ ಕ್ರಮ ಒಂದೇ. ಆದ್ದರಿಂದ ಆಫ್ರಿಕಾದ ಹಳ್ಳಿಯ ಮಗು ಎಂದೊಡನೆ ಯಾವುದೋ ಅಪರಿಚಿತ ಜೀವಿಯೆಂದು ನಾವು ಭಾವಿಸಬೇಕಾಗಿಲ್ಲ.

ಆಫ್ರಿಕಾದ ಹಳ್ಳಿಗಳಲ್ಲಿ

ಉಗಾಂಡದ ಜಿಂಜಾ ಎಂಬ ಪಟ್ಟಣವನ್ನು ನೆಲೆ ಮಾಡಿಕೊಂಡು ‘ಈಸ್ಟ್ ಆಫ್ರಿಕನ್ ಪ್ಲೇಗ್ರೌಂಡ್ಸ್’ ಎಂಬ ಬ್ರಿಟಿಷ್ ಸೇವಾಸಂಸ್ಥೆಯೊಂದು 2009ರಿಂದ ಕೆಲಸ ಆರಂಭಿಸಿತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಾವೇ ಹಣ ಕೂಡಿಸಿ, ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿ, ಶಾಲೆಯ ಅಂಗಳದಲ್ಲಿ ಗುಂಡಿ ತೋಡುವುದು, ಬಣ್ಣ ಬಳಿಯುವುದು ಮೊದಲಾದ ಕೆಲಸಗಳಲ್ಲಿ ಕೈಜೋಡಿಸಿದರು. ಆದರೆ ಬೆಸುಗೆ ಮತ್ತು ಮರಗೆಲಸದ ಮುಖ್ಯ ಹೊಣೆ ಅಲ್ಲಿಯೇ ತರಬೇತಿ ಪಡೆದ ಉಗಾಂಡದ ಕಸುಬುದಾರರ ಮೇಲಿತ್ತು. ಪರದೇಶದ ತರುಣರು ರಜೆ ಮುಗಿಸಿ ಹಿಂದಿರುಗಿದರೂ ಕಸುಬು ಬಲ್ಲ ಕೈಗಳು ಊರಿನಲ್ಲಿಯೇ ಉಳಿದವು.

ಘಾನಾ ದೇಶದ ಪ್ರಯತ್ನ ಇನ್ನೊಂದು ಬಗೆಯದು. ಬೆನ್ ಮಾರ್ಕಮ್ ಎಂಬ ಅಮೆರಿಕದ ನಿವೃತ್ತ ಎಂಜಿನಿಯರರು ಅಲ್ಲಿನ ಹಳ್ಳಿಶಾಲೆಗಳಲ್ಲಿ ಆಟದ ಸಲಕರಣೆಯೂ ಇಲ್ಲ, ರಾತ್ರಿ ಓದಲು ದೀಪವೂ ಇಲ್ಲ ಎಂಬುದನ್ನು ಕಂಡರು. ಎರಡು ಕೊರತೆಗಳಿಗೂ ಒಂದೇ ಪರಿಹಾರವನ್ನು ಅವರು ಯೋಚಿಸಿದರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ನೆರವಿನಿಂದ ಮಕ್ಕಳು ಕುಳಿತು ಸುತ್ತುವ ತಿರುಗಣಿಯೊಂದನ್ನು ರೂಪಿಸಲಾಯಿತು. ತಿರುಗಣಿ ಸುತ್ತಿದಂತೆ ಅದರ ಅಡಿಯಲ್ಲಿರುವ ಹಲ್ಲುಚಕ್ರಗಳು ಒಂದು ಪುಟ್ಟ ಜನರೇಟರನ್ನು ತಿರುಗಿಸುತ್ತವೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಯಲ್ಲಿ ಶೇಖರವಾಗುತ್ತದೆ. ಅದರಿಂದ ಕೈದೀಪಗಳನ್ನು ಚಾರ್ಜ್ ಮಾಡಿಕೊಂಡು ಮಕ್ಕಳು ಮನೆಗೆ ಒಯ್ಯುತ್ತಾರೆ. ಒಂದೊಂದು ದೀಪದ ಸುತ್ತ ನೆರೆಹೊರೆಯ ಕೆಲವು ಮಕ್ಕಳು ಕೂಡಿ ಓದುತ್ತಾರೆ. 2008ರಲ್ಲಿ ಮೊದಲ ತಿರುಗಣಿ ಘಾನಾದಲ್ಲಿ ನೆಲೆಗೊಂಡಿತು. ಹಗಲಿನ ಆಟ ರಾತ್ರಿಯ ಬೆಳಕಾಗುವ ಈ ಕಲ್ಪನೆ ಮನಸ್ಸಿಗೆ ಮುದ ನೀಡುವಂಥದು.

ಗಾಣಕ್ಕೆ ಕಟ್ಟಿದ ಆಟ

ಆದರೆ ಎಲ್ಲ ಸುಂದರ ಕಲ್ಪನೆಗಳೂ ಫಲ ಕೊಡುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ‘ಪ್ಲೇಪಂಪ್’ ಎಂಬ ಯಂತ್ರದ ಕಥೆ ಸೇವೆಗೆ ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕಾದುದು. ಇದೂ ಮಕ್ಕಳು ಸುತ್ತುವ ತಿರುಗಣಿಯೇ. ಅದು ತಿರುಗಿದಾಗ ಕೊಳವೆಬಾವಿಯ ನೀರು ಮೇಲೆದ್ದು ಎತ್ತರದ ತೊಟ್ಟಿಗೆ ಏರುತ್ತದೆ. ತೊಟ್ಟಿಯ ಸುತ್ತಲಿನ ಜಾಹೀರಾತು ಫಲಕಗಳಿಂದ ಬರುವ ಹಣ ದುರಸ್ತಿಗೆ ಸಲ್ಲುತ್ತದೆ ಎಂಬುದು ಯೋಜನೆ. ಆಟವೂ ಆಯಿತು, ನೀರೂ ಬಂತು ಎಂದು ಜಗತ್ತು ತಲೆದೂಗಿತು. 2000ದಲ್ಲಿ ವಿಶ್ವಬ್ಯಾಂಕಿನ ಬಹುಮಾನ ದೊರೆಯಿತು. 2006ರಲ್ಲಿ ಅಮೆರಿಕದಲ್ಲಿ 164 ಲಕ್ಷ ಡಾಲರುಗಳ ನೆರವು ಘೋಷಣೆಯಾಯಿತು. 2010ರೊಳಗೆ 4,000 ಪಂಪುಗಳನ್ನು ನೆಡುವ ಗುರಿ ಹಾಕಿಕೊಳ್ಳಲಾಯಿತು.

ಹಳ್ಳಿಗಳಿಂದ ಬಂದ ವರದಿಗಳು ಬೇರೆಯ ಮಾತನ್ನೇ ಹೇಳಿದವು. ಸಾಮಾನ್ಯ ತಿರುಗಣಿಯನ್ನು ಒಮ್ಮೆ ಜೋರಾಗಿ ತಳ್ಳಿದರೆ ಅದು ತನ್ನ ಪಾಡಿಗೆ ತಾನು ಸುತ್ತುತ್ತದೆ. ಸುಖವಿರುವುದು ಆ ಸುತ್ತಿನಲ್ಲಿಯೇ. ನೀರಿನ ಭಾರ ಹೊತ್ತ ತಿರುಗಣಿಯಾದರೋ ತಳ್ಳುವುದನ್ನು ನಿಲ್ಲಿಸಿದೊಡನೆ ನಿಂತುಬಿಡುತ್ತದೆ. ಮಕ್ಕಳು ಬೇಗನೆ ದಣಿದು ದೂರ ಸರಿದರು. ಶಾಲೆಗೆ ರಜೆಯಿದ್ದ ದಿನ ನೀರು ಬೇಕಾದ ತಾಯಂದಿರು, ಮುದುಕಿಯರು ಆ ಚಕ್ರವನ್ನು ಬಾಗಿ ತಳ್ಳಬೇಕಾಯಿತು. ಒಂದು ಪಂಪಿನ ಬೆಲೆ ಸುಮಾರು 14,000 ಡಾಲರು. ಅಷ್ಟು ಹಣಕ್ಕೆ ಹಲವಾರು ಕೈಪಂಪುಗಳು ಬರುತ್ತಿದ್ದವು. ಕೆಟ್ಟರೆ ರಿಪೇರಿ ಮಾಡಬಲ್ಲವರು ಊರಿನಲ್ಲಿರಲಿಲ್ಲ. ಘೋಷಿಸಿದಷ್ಟು ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾದೀತು ಎಂದು 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ದಿನಕ್ಕೆ ಇರುವುದೇ 24 ಗಂಟೆ! ಮರುವರ್ಷ ಆ ಯೋಜನೆ ತನ್ನ ಮೊದಲಿನ ರೂಪದಲ್ಲಿ ಕೊನೆಗೊಂಡಿತು.

ಘಾನಾದ ತಿರುಗಣಿಗೂ ಈ ಪಂಪಿಗೂ ಇರುವ ಅಂತರವನ್ನು ಗಮನಿಸಬೇಕು. ಒಂದು ಸಣ್ಣ ದೀಪಕ್ಕೆ ಬೇಕಾದ ಶಕ್ತಿ ಅತ್ಯಲ್ಪ. ಅದು ಮಕ್ಕಳ ಆಟದ ಹೆಚ್ಚುವರಿ ಫಲವಾಗಿ ದೊರೆಯಬಹುದು. ಊರಿಗೆಲ್ಲ ಬೇಕಾದ ನೀರನ್ನು ಎತ್ತುವುದು ಭಾರದ ದುಡಿಮೆ. ಆ ಹೊರೆಯನ್ನು ಹೊರಿಸಿದಾಗ ಆಟ ಗಾಣವಾಯಿತು, ಮಗು ಗಾಣದ ಎತ್ತಾಯಿತು. ಆಟಕ್ಕೆ ಆಟವೇ ಪ್ರಯೋಜನ. ಅದರಿಂದ ಬೇರೆ ಲಾಭವನ್ನು ಹಿಂಡಲು ಹೊರಟರೆ ಆಟವೂ ಉಳಿಯದು, ಲಾಭವೂ ದಕ್ಕದು.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಬಂದುದನ್ನು ಅಳೆದು ನೋಡುವವನನ್ನು ಅದು ಹಾಸ್ಯ ಮಾಡುತ್ತದೆ. ಮಕ್ಕಳ ವಿಷಯದಲ್ಲಾದರೋ ಮೊಳ ಹಾಕುವುದೇ ಧರ್ಮ. ಪಡೆದವನು ಸಂಕೋಚದಿಂದ ಅಳೆಯದಿದ್ದರೆ ಕೊಡುವವನೇ ಅಳೆದು ಕೊಡಬೇಕು.

ಬೆಂಗಳೂರಿನ ಹುತ್ತ

ಈಗ ನಮ್ಮ ನಾಡಿಗೆ ಬರೋಣ. ಖರಗಪುರದ ಐಐಟಿಯಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಪೂಜಾ ರೈ ಎಂಬ ವಿದ್ಯಾರ್ಥಿನಿ ಒಮ್ಮೆ ಸಹಪಾಠಿಗಳೊಡನೆ ಒಂದು ಅನಾಥಾಲಯಕ್ಕೆ ಭೇಟಿ ಕೊಟ್ಟರು. ಅಲ್ಲಿ ಮಕ್ಕಳು ಕಾಲಿನ ಚಪ್ಪಲಿಗಳನ್ನೇ ಬ್ಯಾಟುಗಳನ್ನಾಗಿ ಹಿಡಿದು ಬ್ಯಾಡ್ಮಿಂಟನ್ ಆಡುತ್ತಿದ್ದರು. ಅನ್ನ, ಬಟ್ಟೆ, ಪುಸ್ತಕಗಳನ್ನು ದಾನ ಕೊಡುವವರು ಅನೇಕರಿದ್ದಾರೆ, ಆಟವನ್ನು ಕೊಡುವವರಿಲ್ಲ ಎಂಬ ಅರಿವು ಅವರನ್ನು ಕಾಡಿತು. ಹಣ ಕಡಿಮೆ, ಆದರೆ ಸವೆದು ಮೂಲೆಗೆ ಬಿದ್ದ ಟೈರುಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ. ಗೆಳೆಯರು ಕೂಡಿ ಹಳೆಯ ಟೈರುಗಳನ್ನು ತೊಳೆದು, ಬಣ್ಣ ಬಳಿದು, ಮೊದಲ ಆಟದ ಅಂಗಳವನ್ನು ಕಟ್ಟಿದರು. ಆ ಪ್ರಯತ್ನದಿಂದ ಬೆಳೆದುದೇ ಬೆಂಗಳೂರಿನಲ್ಲಿ ನೆಲೆಗೊಂಡ ‘ಆಂಟ್‌ಹಿಲ್ ಕ್ರಿಯೇಷನ್ಸ್’ ಎಂಬ ಸಂಸ್ಥೆ. 2020ರ ಹೊತ್ತಿಗಾಗಲೇ ದೇಶದ ಅನೇಕ ರಾಜ್ಯಗಳಲ್ಲಿ 250ಕ್ಕೂ ಮಿಕ್ಕ ಆಟದ ತಾಣಗಳನ್ನು ಅದು ನಿರ್ಮಿಸಿತ್ತು.

ಸಂಸ್ಥೆಯ ಹೆಸರಿಗೆ ಕನ್ನಡದಲ್ಲಿ ಹುತ್ತ ಎಂದು ಅರ್ಥ. ಸಣ್ಣ ಜೀವಗಳು ಒಂದೊಂದೇ ಕಣ ಮಣ್ಣು ತಂದು ತಮಗಿಂತ ನೂರು ಪಾಲು ಎತ್ತರವಾದುದನ್ನು ಕಟ್ಟುವ ಚಿತ್ರ ಈ ಕೆಲಸಕ್ಕೆ ಸೊಗಸಾಗಿ ಒಪ್ಪುತ್ತದೆ. ವಿನ್ಯಾಸ ಮಾಡುವ ಮೊದಲು ಆ ಶಾಲೆಯ ಮಕ್ಕಳನ್ನು ಮಾತನಾಡಿಸಿ ಅವರಿಗೆ ಏನು ಬೇಕೆಂದು ಕೇಳುವುದು, ಕಟ್ಟುವಾಗ ಊರವರನ್ನೂ ಸ್ವಯಂಸೇವಕರನ್ನೂ ಕೂಡಿಸಿಕೊಳ್ಳುವುದು ಅವರ ಕ್ರಮ. ಟೈರು ಆನೆಯಾಗುತ್ತದೆ, ಬಸ್ಸಾಗುತ್ತದೆ, ನುಸುಳಿ ಹೋಗುವ ಸುರಂಗವಾಗುತ್ತದೆ, ಜೋಕಾಲಿಯಾಗುತ್ತದೆ. 2013ರ ಕಂಪೆನಿ ಕಾಯಿದೆಯ 135ನೆಯ ಪ್ರಕರಣದಂತೆ ದೊಡ್ಡ ಉದ್ಯಮಗಳು ತಮ್ಮ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕಾದ ಕಾರಣ, ಇಂಥ ಕೆಲಸಗಳಿಗೆ ಹಣದ ಜೊತೆಗೆ ನೌಕರರ ಒಂದು ದಿನದ ಶ್ರಮದಾನವೂ ದೊರೆಯತೊಡಗಿದೆ.

ನೆದರ್ಲೆಂಡ್ಸ್ ದೇಶದ ನಿದರ್ಶನವೂ ಇಲ್ಲಿ ಸ್ಮರಣೀಯ. ಎರಡನೆಯ ಮಹಾಯುದ್ಧದ ತರುವಾಯ ಆಂಸ್ಟರ್‌ಡಾಂ ನಗರದಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಆರಂಭಿಸಿ ಸುಮಾರು ಮೂರು ದಶಕಗಳಲ್ಲಿ 700ಕ್ಕೂ ಹೆಚ್ಚು ಮಕ್ಕಳ ಆಟದ ತಾಣಗಳನ್ನು ರೂಪಿಸಿದರು. ವಿಶಾಲ ಮೈದಾನಗಳಿಗಾಗಿ ಅವರು ಕಾಯಲಿಲ್ಲ. ಬೀದಿಯ ಮೂಲೆ, ಎರಡು ಮನೆಗಳ ನಡುವಣ ಪಾಳು ಜಾಗ ದೊರೆತರೆ ಅಲ್ಲಿಯೇ ಮರಳಿನ ಗುಂಡಿ, ಹತ್ತಿಳಿಯುವ ಕಂಬಿ, ನೆಗೆಯುವ ಕಲ್ಲುಗಳನ್ನಿಟ್ಟರು. ಒಂದು ಬೀದಿಯಲ್ಲಿ ಆದುದನ್ನು ಕಂಡು ಮತ್ತೊಂದು ಬೀದಿಯ ತಾಯಿತಂದೆಯರು ನಮಗೂ ಬೇಕೆಂದು ನಗರಸಭೆಗೆ ಪತ್ರ ಬರೆದರು. ಹಾಗೆ ಬೀದಿಯಿಂದ ಬೀದಿಗೆ ಆಟ ಹಬ್ಬಿತು.

ಕೆಂಗೇರಿಯ ಮಾತು

ವೃಷಭಾವತಿಯ ಬದಿಯಲ್ಲಿ, ಮೈಸೂರು ಹೆದ್ದಾರಿಯ ಮೇಲಿರುವ ನಮ್ಮ ಕೆಂಗೇರಿ ಬಹುಕಾಲ ತನ್ನದೇ ಪುರಸಭೆಯಿದ್ದ ಊರಾಗಿತ್ತು. 2007ರಲ್ಲಿ ಅದು ಬೃಹತ್ ಬೆಂಗಳೂರಿನೊಳಗೆ ಸೇರಿತು. 2021ರ ಆಗಸ್ಟಿನಲ್ಲಿ ಮೆಟ್ರೊ ರೈಲು ಇಲ್ಲಿಯವರೆಗೆ ಬಂತು. ಸುತ್ತಲಿನ ರಾಗಿಯ ಹೊಲ, ತೆಂಗಿನ ತೋಟ, ಗುಂಡುತೋಪುಗಳಿದ್ದಲ್ಲಿ ಬಡಾವಣೆಗಳೆದ್ದವು. ಊರು ಬೆಳೆಯಲಿ, ಅದಕ್ಕೆ ವಿಷಾದಪಡಬೇಕಾಗಿಲ್ಲ. ಆದರೆ ಪ್ರತಿ ಚದರಡಿಗೂ ಬೆಲೆ ಬಂದಾಗ ಬೆಲೆ ಕಟ್ಟಲಾಗದ ಬಯಲು ಮೊದಲು ಕಣ್ಮರೆಯಾಗುತ್ತದೆ. ಮನೆಯ ಮುಂದಿನ ಬೀದಿ ವಾಹನಗಳ ಪಾಲಾಗುತ್ತದೆ. ಉಳ್ಳವರ ಮಕ್ಕಳಿಗೆ ವಸತಿ ಸಮುಚ್ಚಯದ ಒಳಗೆ ಜಾರುಬಂಡೆಯಿದೆ. ಆ ಸಮುಚ್ಚಯವನ್ನು ಕಟ್ಟಲು ದೂರದ ಜಿಲ್ಲೆಗಳಿಂದ ಬಂದ ಕೂಲಿಕಾರರ ಮಕ್ಕಳು ಜಲ್ಲಿ ರಾಶಿಯ ಮೇಲೆ ಆಡುತ್ತಾರೆ. ಒಂದು ಕೋಣೆಯ ಅಂಗನವಾಡಿಯಲ್ಲಿ ಆಟವೆಂದರೆ ಗೋಡೆಗೆ ಒರಗಿ ಕುಳಿತು ಹಾಡು ಹೇಳುವುದಷ್ಟೇ ಆಗಿಬಿಡುತ್ತದೆ. ಇದು ಅನ್ಯಾಯವೆಂದು ಒಪ್ಪದವರು ಯಾರು?

ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ರಕ್ಷಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯಿದೆ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಹಸುರು ಬಣ್ಣ ಬಳಿದ ಜಾಗ ನೆಲದ ಮೇಲೆ ಹೇಗಿದೆ ಎಂದು ಒಮ್ಮೆ ಹೋಗಿ ನೋಡುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯ. ಆ ಬಳಿಕ ಹತ್ತು ಮನೆಯವರು ಕೂಡಿದರೆ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು, ಒಂದೆರಡು ಭಾನುವಾರಗಳ ಶ್ರಮದಿಂದ ಒಂದು ಆಟದ ಅಂಗಳವನ್ನು ಸಜ್ಜುಗೊಳಿಸುವುದು ಅಸಾಧ್ಯವೇನಲ್ಲ. ಬೆಸುಗೆಯವರು, ಬಡಗಿಗಳು, ಟೈರು ವ್ಯಾಪಾರಿಗಳು ನಮ್ಮ ನಡುವೆಯೇ ಇದ್ದಾರೆ.

ಕಟ್ಟುವ ಮುನ್ನ

ಉತ್ಸಾಹದ ಜೊತೆಗೆ ಎಚ್ಚರವೂ ಇರಬೇಕು. ಅನುಭವಿಗಳು ಹೇಳುವ ಕೆಲವು ಅಂಶಗಳನ್ನು ಇಲ್ಲಿ ಸಂಗ್ರಹಿಸಿ ಹೇಳಲಾಗಿದೆ.

ಮೊದಲನೆಯದು ನೆಲ. ಆಟದ ತಾಣದಲ್ಲಿ ಆಗುವ ದೊಡ್ಡ ಗಾಯಗಳಲ್ಲಿ ಬಹುಪಾಲು ಬೀಳುವುದರಿಂದ ಆಗುತ್ತವೆ. ಜಾರುಬಂಡೆಯ ಅಡಿಯಲ್ಲಿ ಸಿಮೆಂಟು ಹಾಸಬಾರದು. ಸುಮಾರು ಒಂದು ಅಡಿ ಆಳಕ್ಕೆ ಸಡಿಲವಾದ ಮರಳಿರಬೇಕು. ಸಲಕರಣೆಯ ಸುತ್ತ 6 ಅಡಿಯಷ್ಟಾದರೂ ಜಾಗ ಖಾಲಿ ಇರಬೇಕು. ಜೋಕಾಲಿಯ ಹಿಂದೆ ಮುಂದೆ ಇನ್ನೂ ಹೆಚ್ಚು ಜಾಗ ಬೇಕು.

ಎರಡನೆಯದು ಟೈರು. ಒಳಗಿನ ಉಕ್ಕಿನ ತಂತಿ ಹೊರಚಾಚಿದ ಟೈರನ್ನು ಮುಟ್ಟಲೇಬಾರದು. ಆರಿಸಿದ ಟೈರಿಗೆ ತಳದಲ್ಲಿ ನಾಲ್ಕಾರು ತೂತು ಕೊರೆದು ಮಳೆನೀರು ಇಳಿದುಹೋಗುವಂತೆ ಮಾಡಬೇಕು. ಇಲ್ಲವಾದರೆ ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೊಂದಿಲ್ಲ. ಟೈರು ಬಿಸಿಲಿಗೆ ಬೇಗ ಕಾಯುವುದರಿಂದ ಮರದ ನೆರಳಿನಲ್ಲಿಡುವುದು ಲೇಸು. ತಗಡಿನ ಜಾರುಬಂಡೆಗೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯದು ಬಣ್ಣ. ಸೀಸ ಬೆರೆತ ಬಣ್ಣ ಮಕ್ಕಳ ಮಿದುಳಿಗೆ ವಿಷ. 2017ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಕಾರ್ಖಾನೆಗಳ ಯಂತ್ರಗಳಿಗೆ ಬಳಿಯುವ ಬಣ್ಣದ ಉಳಿಕೆಯನ್ನು ಪುಕ್ಕಟೆ ಸಿಕ್ಕಿತೆಂದು ಶಾಲೆಗೆ ತರಕೂಡದು. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು.

ನಾಲ್ಕನೆಯದು ಕಿಂಡಿ. ಏಣಿಯ ಮೆಟ್ಟಿಲುಗಳ ನಡುವೆ, ಕಂಬಿಗಳ ನಡುವೆ ಮೂರೂವರೆ ಅಂಗುಲಕ್ಕಿಂತ ಹೆಚ್ಚಾಗಿ ಒಂಬತ್ತು ಅಂಗುಲಕ್ಕಿಂತ ಕಡಿಮೆ ಇರುವ ಸಂದಿನಲ್ಲಿ ಚಿಕ್ಕ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಭಯವಿದೆ. ಅಳತೆಪಟ್ಟಿ ಹಿಡಿದೇ ಕೆಲಸ ಮಾಡಬೇಕು.

ಐದನೆಯದು ಯಾರಿಗಾಗಿ ಎಂಬ ಪ್ರಶ್ನೆ. ಹತ್ತು ಹನ್ನೆರಡು ವರ್ಷ ತುಂಬಿದೊಡನೆ ಹೆಣ್ಣುಮಕ್ಕಳನ್ನು ಬಯಲಿನಿಂದ ಒಳಗೆ ಕರೆಯುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ. ಜೋಕಾಲಿ, ಹತ್ತುಗಂಬಿಗಳ ಜೊತೆಗೆ ಅವರು ಕೂಡಿ ಕುಳಿತು ಆಡಬಲ್ಲ ಕಟ್ಟೆಯೂ ಇರಲಿ. ಕಟ್ಟೆಯ ಕಲ್ಲಿನ ಮೇಲೆ ಅಳಗುಳಿಯ ಗುಳಿಗಳನ್ನು ಕೊರೆಸಿದರೆ ಅಜ್ಜಿಯರೂ ಬಂದಾರು. ಕಾಲು ಬಾರದ ಮಗುವಿನ ಗಾಲಿಕುರ್ಚಿ ಒಳಗೆ ಬರುವಷ್ಟು ಅಗಲದ ದಾರಿ, ಕಣ್ಣು ಕಾಣದ ಮಗು ತಟ್ಟಿ ನಾದ ಹೊರಡಿಸುವ ಕೊಳವೆ, ಇವುಗಳಿಗೆ ಹೆಚ್ಚು ಖರ್ಚಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನಾಳೆಯ ಹೊಣೆ. ಉದ್ಘಾಟನೆಯ ದಿನ ಹಾರವೂ ಭಾಷಣವೂ ಛಾಯಾಚಿತ್ರವೂ ಇರುತ್ತವೆ. ಆರು ತಿಂಗಳ ನಂತರ ಜೋಕಾಲಿಯ ಕೊಂಡಿ ಸವೆದಾಗ ನೋಡುವವರು ಯಾರು? ಸಡಿಲವಾದ ಬೋಲ್ಟನ್ನು ಬಿಗಿಮಾಡುವ ಸ್ಪ್ಯಾನರು ಯಾರ ಮನೆಯಲ್ಲಿದೆ? ಸಂಜೆ ಶಾಲೆಯ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ? ಈ ಮೂರು ಪ್ರಶ್ನೆಗಳಿಗೆ ಮೂರು ಹೆಸರುಗಳು ನಿಶ್ಚಯವಾದ ಮೇಲೆಯೇ ಮೊದಲ ಗುಂಡಿಯನ್ನು ತೋಡಬೇಕು. ಪ್ಲೇಪಂಪಿನ ಕಥೆಯ ಸಾರವೂ ಇದೇ. ತಿಂಗಳಿಗೊಮ್ಮೆ ಒಂದು ಕುಟುಂಬ ಸರದಿಯಂತೆ ಹೋಗಿ ತಪಾಸಣೆ ಮಾಡುವ ಏರ್ಪಾಡಿದ್ದರೆ ಆಟದ ಅಂಗಳ ಹಲವು ವರ್ಷ ಬಾಳುತ್ತದೆ.

ಕಣ್ಣಿಗೆ ಕಾಣುವ ದಾಸೋಹ

ನಮ್ಮ ಸಮಾಜಕ್ಕೆ ದಾಸೋಹವೆಂಬುದು ಹೊಸ ಶಬ್ದವಲ್ಲ. ಹಸಿದವರಿಗೆ ಅನ್ನ, ಓದುವವರಿಗೆ ವಸತಿ ನೀಡಿದ ಕೈಗಳು ನಮ್ಮಲ್ಲಿ ಅಸಂಖ್ಯ. ಹಸಿವು ಹೊಟ್ಟೆಗೆ ಮಾತ್ರ ಇರುವುದಲ್ಲ. ಓಡುವ ಕಾಲಿಗೂ ಹಸಿವುಂಟು, ಹಿಡಿದು ಜೋತಾಡುವ ಕೈಗೂ ಹಸಿವುಂಟು. ಅದನ್ನು ತಣಿಸುವುದೂ ದಾಸೋಹವೇ. ಇದರಲ್ಲಿ ಇನ್ನೊಂದು ಲಾಭವೂ ಇದೆ. ತಂದೆ ಹಾರೆ ಹಿಡಿದು, ತಾಯಿ ಕುಂಚ ಹಿಡಿದು, ತಮ್ಮದಲ್ಲದ ಮಗುವಿಗಾಗಿ ಬೆವರು ಸುರಿಸುವುದನ್ನು ಕಂಡ ಮನೆಯ ಮಕ್ಕಳಿಗೆ ಸೇವೆಯ ಪಾಠವನ್ನು ಬಾಯಿಮಾತಿನಲ್ಲಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಶಾಲೆಗಳಿಗೆ ಬೇಸಗೆಯ ರಜೆ ಬಂದಾಗ ಅಂಗಳಗಳು ಖಾಲಿ ಇರುತ್ತವೆ. ಕೆಲಸ ಮಾಡಲು ಅದು ತಕ್ಕ ಕಾಲ. ಜೂನ್ ತಿಂಗಳಲ್ಲಿ ಹೊಸ ಚೀಲ ಹೊತ್ತು ಬರುವ ಮಕ್ಕಳಿಗೆ ಗೇಟಿನೊಳಗೆ ಒಂದು ಜೋಕಾಲಿ ಕಾದಿರಲಿ. ಅದನ್ನು ಕಟ್ಟಿದವರ ಹೆಸರು ಅಲ್ಲಿ ಬರೆದಿರಬೇಕಾಗಿಲ್ಲ. ಗಂಟು ಬಿಗಿಯಾಗಿದ್ದರೆ ಸಾಕು.